ಹಸಿದ ತೋಳು

ಗುಬ್ಬಿ
18 ಸೆಪ್ಟೆಂಬರ್ 1978

ನರಸಿಂಹಮ್ಮನಿಗೆ,

ಇಷ್ಟು ವರ್ಷ ‘ನರಸಿ’ ಎಂದು ಕಾಗದ ಶುರು ಮಾಡುತ್ತಿದ್ದ ಕೈಗೆ ಇವತ್ತು ಆ ಹೆಸರು ಬರೆಯಲು ಮನಸ್ಸಿಲ್ಲ. ‘ನೀವು’ ಎಂದು ಬರೆಯೋಣವೆಂದರೆ ಅಷ್ಟು ಮರ್ಯಾದೆಯೂ ನನ್ನಲ್ಲಿ ಉಳಿದಿಲ್ಲ. ಹೀಗೇ ಓದಿಕೋ.

ನನ್ನ ತಂಗಿ ರಹಿಮಾ ಸತ್ತುಹೋದಳು. ರಂಜಾನ್ ಹಬ್ಬಕ್ಕೆ ಒಂದು ವಾರ ಮುಂಚೆ ಮಣ್ಣು ಮಾಡಿದೆವು. ಊರಿಗೆಲ್ಲ ಗೊತ್ತಾಗಿದೆ, ಕುಣಿಗಲ್ಲಿಗೂ ಸುದ್ದಿ ಬಂದಿರುತ್ತದೆ. ನಿನ್ನಿಂದ ಒಂದು ಸಾಲು ಬರಲಿಲ್ಲ. ಯಾಕೆ ಬರಲಿಲ್ಲವೆಂದು ನನಗೂ ಗೊತ್ತು, ನಿನಗೂ ಗೊತ್ತು.

ಆ ಹುಡುಗಿಗೆ ಲಂಗ ದಾವಣಿ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು. ತುಮಕೂರಿನ ದೊಡ್ಡ ಡಾಕ್ಟರು ಅಂದೇ ಹೇಳಿದ್ದರು: ‘ಇನ್ಸುಲಿನ್ ಸೂಜಿ ಇವಳಿಗೆ ಅನ್ನ ಇದ್ದ ಹಾಗೆ. ನಿಲ್ಲಿಸಿದರೆ ಉಳಿಯೋದಿಲ್ಲ.’ ಸೂಜಿ ಹಾಕುವುದನ್ನು ಅವರ ಹತ್ತಿರವೇ ಕಲಿತೆ. ಗಾಜಿನ ಸಿರಿಂಜನ್ನು ಕುದಿಸುವುದು, ಔಷಧಿ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿ ತಣ್ಣಗಿಡುವುದು, ಅವಳ ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ದೀಪದ ಮೇಲೆ ಕಾಯಿಸುವುದು. ನೀಲಿಯಾಗೇ ಉಳಿದರೆ ಆ ದಿನ ನಮ್ಮ ಮನೆಯಲ್ಲಿ ಹಬ್ಬ. ಇಟ್ಟಿಗೆ ಕೆಂಪಿಗೆ ತಿರುಗಿದರೆ ಅಮ್ಮ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು. ಮದುವೆಯಾಗುವ ತನಕ ಅವಳ ತೊಡೆಗೆ ಸೂಜಿ ಹಾಕಿದವಳು ನಾನು. ನೋವಾದರೆ ನನ್ನ ರಟ್ಟೆಯನ್ನು ಜಿಗುಟಿ ಸೇಡು ತೀರಿಸಿಕೊಳ್ಳುತ್ತಿದ್ದಳು.

ಏಪ್ರಿಲಿನಲ್ಲಿ ಅವಳನ್ನು ಉಪ್ಪಾರಹಳ್ಳಿಯ ಸೈಕಲ್ ಶಾಪ್ ಅಹಮದ್ ಪಾಷಾನಿಗೆ ಕೊಟ್ಟೆವು. ಕಾಯಿಲೆ ಮುಚ್ಚಿಡಲಿಲ್ಲ. ನೀನು ಮದುವೆಗೆ ಬಂದೆ, ನನ್ನ ಪಕ್ಕದಲ್ಲೇ ಕೂತು ಉಂಡೆ. ಹೊರಡುವಾಗ ಅವಳ ಗಲ್ಲ ಹಿಡಿದು ಹೇಳಿದೆ: ‘ಎಷ್ಟು ದಿನಾಂತ ಚುಚ್ಚಿಸ್ಕೊಂತೀಯೆ ಮಗಳೇ, ಭಾನುವಾರ ಭಾನುವಾರ ನಮ್ಮೋರು ತುಮಕೂರಿಗೆ ಬರ್ತಾರೆ, ಒಂದ್ಸಲ ತೋರ್ಸು.’ ಈ ಮಾತು ನಿನ್ನದೇ. ಅಲ್ಲ ಅನ್ನು ನೋಡೋಣ.

ಆಗಸ್ಟಿನಲ್ಲಿ ತೋರಿಸಿದಳು. ಡ್ರಿಲ್ ಮೇಷ್ಟ್ರಾಗಿದ್ದ ನಿನ್ನ ಗಂಡ ಶಿವರಾಮಯ್ಯನವರು ಬೊಂಬಾಯಿಯಲ್ಲಿ ಯಾರೋ ಬಿಳಿ ಹೆಂಗಸಿನ ಶಿಬಿರದಲ್ಲಿ ಕೂತು ಬಂದು ‘ಕೈ ಡಾಕ್ಟ್ರು’ ಆದದ್ದು ನನಗೆ ಗೊತ್ತಿತ್ತು. ರೋಗಿ ಒಂದು ತೋಳನ್ನು ನೀಟಾಗಿ ಮುಂದೆ ಚಾಚಬೇಕಂತೆ. ಇನ್ನೊಂದು ಅಂಗೈಯಲ್ಲಿ ಔಷಧಿಯೋ ಕಾಳೋ ಇಡುತ್ತಾರಂತೆ. ಆಮೇಲೆ ಚಾಚಿದ ತೋಳನ್ನು ಇವರು ಒತ್ತಬೇಕು. ತೋಳು ನಿಂತರೆ ಆ ವಸ್ತು ಮೈಗೆ ಮಿತ್ರ, ಬಿದ್ದರೆ ಶತ್ರು. ತಲೆನೋವು ಹೊಟ್ಟೆನೋವಿನವರು ಇದನ್ನು ಮಾಡಿಸಿಕೊಳ್ಳಲಿ, ನನ್ನದೇನು ಹೋಗುತ್ತದೆ ಎಂದು ಸುಮ್ಮನಿದ್ದೆ.

ಹೊಸ ಮದುವಣಗಿತ್ತಿ, ಪರದೆಯ ಹುಡುಗಿ. ಪರಗಂಡಸು ಮುಟ್ಟುವ ಹಾಗಿಲ್ಲ. ಅದಕ್ಕೆ ನಿನ್ನ ಗಂಡ ಉಪಾಯ ಹೇಳಿದರು. ಅವಳು ಪರದೆಯ ಹಿಂದೆ ಇನ್ಸುಲಿನ್ ಸೀಸೆ ಹಿಡಿದು ಕೂತು, ಇನ್ನೊಂದು ಕೈಯನ್ನು ಗಂಡನ ಭುಜದ ಮೇಲೆ ಇಡಲಿ. ಗಂಡನ ತೋಳನ್ನು ಒತ್ತಿದರೆ ಆಯಿತು, ಅವಳ ಮೈ ಅವನ ತೋಳಿನಲ್ಲಿ ಮಾತಾಡುತ್ತದೆ. ಪಾಷಾನ ತೋಳು ಬಿತ್ತು. ನಿನ್ನ ಗಂಡ ಅಂದರು: ‘ನೋಡಪ್ಪ, ಈ ಔಷಧಿ ಇವಳ ಮೈಗೆ ವಿಷ. ಬಿಟ್ಬುಡ್ಲಿ. ಮೆಂತ್ಯದ ನೀರು ಕುಡೀಲಿ.’

ಬಿಟ್ಟಳು. ಯಾರಿಗೆ ತಾನೆ ದಿನಾ ಚುಚ್ಚಿಸಿಕೊಳ್ಳಲು ಇಷ್ಟ? ನನಗೆ ಹೇಳಿ ಕಳಿಸುವ ಹೊತ್ತಿಗೆ ಅವಳ ಉಸಿರು ಓಡಿ ಬಂದವಳ ಉಸಿರಿನ ಹಾಗೆ ಏಳುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಸಿರಿಂಜು ತೆಗೆದುಕೊಂಡು ಹೋಗಿದ್ದೆ. ಹಾಕಿದೆ. ಆಸ್ಪತ್ರೆಗೂ ಎತ್ತಿಕೊಂಡು ಹೋದೆವು. ಕಾಲ ಮಿಂಚಿತ್ತು ಕಣೇ.

ನಿನ್ನ ಗಂಡ ಸಾಯಲಿ ಎಂದು ನಾನು ಶಾಪ ಹಾಕುವುದಿಲ್ಲ. ಶಾಪ ಹಾಕಿದರೆ ದೇವರು ನೋಡಿಕೊಳ್ಳುತ್ತಾನೆ. ಇದನ್ನು ದೇವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಶರೀಫುನ್ನೀಸಾ
(ಒಂದೇ ಹಾಸ್ಟೆಲಿನಲ್ಲಿ ನಿನ್ನ ತಲೆ ಬಾಚಿದವಳು)


ಕುಣಿಗಲ್
2 ಅಕ್ಟೋಬರ್ 1978

ಪ್ರೀತಿಯ ಶರೀಫಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿದ್ದ ಸಾರು ಉಕ್ಕಿ ಒಲೆ ಆರಿಹೋಯಿತು. ರಹಿಮಾ ಹೋದ ಸುದ್ದಿ ನನಗೆ ಗೊತ್ತಿತ್ತು. ಬರೆಯಲು ಕೂತೆ, ಬರಲಿಲ್ಲ. ಏನೆಂದು ಬರೆಯಲಿ? ನೀನು ಏನೆಂದು ಓದಿಕೊಳ್ಳುತ್ತಿದ್ದೆ?

ಆದರೆ ನನ್ನ ಗಂಡನನ್ನು ಕೊಲೆಗಾರನ ಹಾಗೆ ನೀನು ಬರೆದದ್ದನ್ನು ನಾನು ನುಂಗುವುದಿಲ್ಲ. ‘ನಿಧಾನಕ್ಕೆ ಬಿಡ್ಸಿ ಅಂದಿದ್ದೆ, ಅವ್ನು ಒಂದೇ ಏಟಿಗೆ ಬಿಡ್ಸವ್ನೆ’ ಎಂದು ಇವರು ಹೇಳುತ್ತಿದ್ದಾರೆ. ನಾನು ನಂಬುತ್ತೇನೆ. ವರ್ಷಗಟ್ಟಲೆ ತಲೆನೋವಿನಲ್ಲಿ ಒದ್ದಾಡುತ್ತಿದ್ದ ಹುತ್ರಿದುರ್ಗದ ಕದರಮ್ಮ ಇವರು ಕಾಫಿ ಬಿಡಿಸಿದ ಮೇಲೆ ಎದ್ದು ಓಡಾಡುತ್ತಿದ್ದಾಳೆ. ಅವಳ ಗಂಡ ಕದರಯ್ಯ ಇವರ ಕಾಲಿಗೆ ಬಿದ್ದ. ಅದೆಲ್ಲ ಸುಳ್ಳೇ? ಪಾಷಾನ ತೋಳು ಬಿದ್ದರೆ ಇವರು ಏನು ಮಾಡಬೇಕಿತ್ತು, ನಿಂತಿತು ಅನ್ನಬೇಕಿತ್ತೇ?

ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ನಿನ್ನಿಂದಲೂ ಆಗಲಿಲ್ಲ, ಇವರಿಂದಲೂ ಆಗಲಿಲ್ಲ. ನನಗೂ ಎರಡು ಹೆಣ್ಣುಮಕ್ಕಳಿವೆ ಶರೀಫಾ. ಇನ್ನು ಇಂಥ ಕಾಗದ ಬರೆಯಬೇಡ.

ಬೇಡವೆಂದರೂ ನಿನ್ನವಳೇ,
ನರಸಿ


ಗುಬ್ಬಿ
11 ಫೆಬ್ರವರಿ 1979

ನರಸಿಂಹಮ್ಮನಿಗೆ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಗಂಡ ತಪ್ಪನ್ನೆಲ್ಲ ಪಾಷಾನ ತಲೆಗೆ ಕಟ್ಟಿ ಕೈ ತೊಳೆದುಕೊಂಡರಲ್ಲ, ಆ ಪಾಷಾ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದ. ಜಗಲಿಯ ಮೇಲೆ ಕೂತು, ಒಳಗೆ ಬಾ ಎಂದರೂ ಬರದೆ, ಮಗುವಿನ ಹಾಗೆ ಅತ್ತ. ಅವನನ್ನು ಬೈಯಬೇಕೆಂದು ತಿಂಗಳುಗಟ್ಟಲೆ ಮಾತು ಕೂಡಿಟ್ಟಿದ್ದೆ. ಬೈಯುವ ಬದಲು ಒಂದು ಲೋಟ ನೀರು ತಂದಿಟ್ಟೆ.

ಅವನು ಹೇಳಿದ ಒಂದು ವಿಷಯ ಕೇಳು. ಅದು ರಂಜಾನ್ ತಿಂಗಳು. ಕಾಯಿಲೆಯವಳು ರಹಿಮಾ, ಅವಳಿಗೆ ಉಪವಾಸವಿರಲಿಲ್ಲ. ಪಾಷಾನಿಗಿತ್ತು. ಬೆಳಗಿನಿಂದ ಒಂದು ಹನಿ ನೀರಿಲ್ಲದೆ ಅಂಗಡಿಯಲ್ಲಿ ಸೈಕಲ್ಲುಗಳಿಗೆ ಗಾಳಿ ಹೊಡೆದು, ಸಂಜೆ ಹೆಂಡತಿಯನ್ನು ಕರೆದುಕೊಂಡು ನಿನ್ನ ಗಂಡನ ಮುಂದೆ ನಿಂತ. ಅಲ್ಲಿ ಮೊದಲು ಅಕ್ಕಿ, ಆಮೇಲೆ ರಾಗಿ, ಬೆಲ್ಲ, ಹಾಲು, ಅದೂ ಇದೂ ಇಟ್ಟು ಇಟ್ಟು ಅವನ ತೋಳನ್ನು ಒತ್ತಿದರಂತೆ. ಕೊನೆಗೆ ಇನ್ಸುಲಿನ್. ಅಷ್ಟು ಹೊತ್ತಿಗೆ ಮಗ್ಗುಲ ಮಸೀದಿಯಲ್ಲಿ ಉಪವಾಸ ಬಿಡುವ ಬಾಂಗು ಯಾವಾಗ ಆಗುತ್ತದೋ ಎಂದು ಅವನ ಜೀವ ಕಾಯುತ್ತಿತ್ತು. ‘ಆಪಾ, ಕೈ ನಡುಗ್ತಾ ಇತ್ತು, ಹೊಟ್ಟೇಲಿ ಏನೂ ಇರ್ಲಿಲ್ಲ, ಬಿದ್ದೋಯ್ತು’ ಅಂದ.

ಕೇಳಿದೆಯಾ? ಅಲ್ಲಿ ಮಾತಾಡಿದ್ದು ರಹಿಮಾಳ ಮೈಯಲ್ಲ, ಪಾಷಾನ ಹಸಿವು. ಒಬ್ಬ ಹಸಿದ ಗಂಡಸಿನ ತೋಳು ಬಿತ್ತೆಂದು ಇನ್ನೊಂದು ಜೀವದ ಅನ್ನ ಕಿತ್ತರು. ‘ಏನಪ್ಪಾ, ಉಂಡಿದೀಯಾ’ ಎಂದು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದ ಭಿಕ್ಷುಕನನ್ನೂ ನಾವು ಕೇಳುವ ಮಾತು ಅದು.

ಆರೋಗ್ಯದ ಅಧಿಕಾರಿಯೊಬ್ಬರ ಹತ್ತಿರ ದೂರು ಕೊಂಡುಹೋದೆ. ಅವರು ನಕ್ಕು, ‘ಅವ್ರು ಔಷಧಿ ಕೊಟ್ಟಿದ್ರೆ ಹಿಡೀಬೋದಿತ್ತಮ್ಮ. ಬೇಡ ಅಂದಿದ್ದಕ್ಕೆ ಯಾವ ಕೇಸು ಹಾಕೋಣ?’ ಅಂದರು. ಸರಿ ಎಂದು ನಾನೇ ಹೊರಟೆ.

ಹೋದ ಭಾನುವಾರ ತುಮಕೂರಿನ ಛತ್ರದಲ್ಲಿ ಬುರ್ಖಾ ಹಾಕಿಕೊಂಡು ನಿನ್ನ ಗಂಡನ ಸಾಲಿನಲ್ಲಿ ಕೂತಿದ್ದೆ. ಮಧ್ಯಾಹ್ನದ ತನಕ ಕಣ್ಣು ಮಿಟುಕಿಸದೆ ನೋಡಿದೆ. ಅವರಿಗೆ ಇಷ್ಟವಾದ ವಸ್ತುವಿಗೆ ಎರಡು ಬೆರಳಲ್ಲಿ ಒತ್ತುತ್ತಾರೆ, ಇಷ್ಟವಿಲ್ಲದ್ದಕ್ಕೆ ಇಡೀ ಅಂಗೈ ಹಾಕುತ್ತಾರೆ. ಬೇಕೆಂದೇ ಮಾಡುತ್ತಾರೆ ಅನ್ನಲಾರೆ. ಅವರಿಗೇ ಗೊತ್ತಿಲ್ಲವೇನೋ. ಕಳ್ಳನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಸರದಿ ಬಂತು. ಮುಸುಕು ಎತ್ತಿ ಕೇಳಿದೆ:

‘ಮೇಷ್ಟ್ರೇ, ರಹಿಮಾ ಜ್ಞಾಪಕ ಇದಾಳಾ?’

ನಿನ್ನ ಗಂಡ ನನ್ನ ಮುಖ ನೋಡಿದರು. ಹುಡುಕಿದರು. ನಿಜವಾಗಿಯೂ ಹುಡುಕಿದರು ನರಸಿಂಹಮ್ಮ. ಆಮೇಲೆ ಅಂದರು: ‘ಯಾವ ರಹಿಮಾ ತಾಯಿ? ದಿನಾ ಎಷ್ಟೋ ಜನ ಬರ್ತಾರೆ.’

ನಾನು ಎದ್ದು ಬಂದೆ. ಬಸ್ಸಿನಲ್ಲಿ ಗುಬ್ಬಿ ಬರುವ ತನಕ ಹಲ್ಲು ಕಚ್ಚಿಕೊಂಡಿದ್ದೆ. ಅಲ್ಲಾಹನ ಆಣೆ, ಆ ಹೆಸರನ್ನು ಆ ಬಾಯಿಂದ ಹೇಳಿಸುತ್ತೇನೆ. ಒಂದು ಸಲ ಹೇಳಿಸಿ ಬಿಡುವವಳಲ್ಲ.

ಶರೀಫುನ್ನೀಸಾ


ಕುಣಿಗಲ್
9 ನವೆಂಬರ್ 1980

ಶರೀಫಾ,

ಎರಡು ದೀಪಾವಳಿ ಕಳೆದು ಬರೆಯುತ್ತಿದ್ದೇನೆ. ಆ ಫೆಬ್ರವರಿಯ ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಹರಿದೂ ಹಾಕಲಿಲ್ಲ. ನೀನು ಇನ್ನೂ ಅದೇ ಸ್ಕೂಲಿನಲ್ಲಿ ಟೀಚರಾಗಿರುವೆಯಾ? ನಮ್ಮ ದೊಡ್ಡವಳು ಎಸ್ಸೆಸ್ಸೆಲ್ಸಿ ಪಾಸಾದಳು.

ಒಂದು ಕೇಳಬೇಕಿತ್ತು. ರಹಿಮಾಗೆ ನೀನು ನೀಲಿ ನೀರಿನಲ್ಲಿ ಏನೋ ಕಾಯಿಸಿ ನೋಡುತ್ತಿದ್ದೆಯಲ್ಲ, ಆ ನೀರು ಎಲ್ಲಿ ಸಿಗುತ್ತದೆ? ನಮಗೆ ಪರಿಚಯದವರೊಬ್ಬರಿದ್ದಾರೆ. ಬಹಳ ಬಾಯಾರಿಕೆ ಅವರಿಗೆ. ಒಂದೇ ಸಮನೆ ಸೊರಗುತ್ತಿದ್ದಾರೆ, ಅಂಗಿ ಮೈಮೇಲೆ ನೇತುಹಾಕಿದ ಹಾಗಿದೆ. ಹಿತ್ತಲಲ್ಲಿ ಅವರು ಮೂತ್ರ ಮಾಡಿದ ಕಡೆ ಇರುವೆ ಮುತ್ತುತ್ತವೆ. ನಾನು ನೀರು ಹೊಯ್ದು ಬರುತ್ತೇನೆ, ಮಾರನೇ ದಿನ ಮತ್ತೆ ಮುತ್ತಿರುತ್ತವೆ. ಆ ಪರಿಚಯದವರು ಡಾಕ್ಟರ ಹತ್ತಿರ ಹೋಗುವವರಲ್ಲ.

ಕೋಪ ಇನ್ನೂ ಇದ್ದರೆ ಉತ್ತರ ಬರೆಯಬೇಡ.

ನರಸಿಂಹಮ್ಮ


ಗುಬ್ಬಿ
15 ನವೆಂಬರ್ 1980

(ಕಾರ್ಡು)

ನರಸಿಂಹಮ್ಮ, ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪೋಸ್ಟ್‌ಮ್ಯಾನ್ ಓದಲಿ, ನಿಮ್ಮ ಬೀದಿ ಓದಲಿ. ಹಿತ್ತಲಿಗೆ ಬಂದು ಮೂತ್ರ ಮಾಡುವ ಆ ‘ಪರಿಚಯದವರು’ ಯಾರೆಂದು ಗುಬ್ಬಿಯಲ್ಲಿ ಕೂತೇ ನನಗೆ ಗೊತ್ತಾಯಿತು. ನಿನ್ನ ಕಾಗದ ಬಂದ ದಿನ ಶಾವಿಗೆ ಪಾಯಸ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದೆ. ಏನು ವಿಶೇಷವೆಂದು ಕೇಳಿದರು, ಹಬ್ಬ ಎಂದೆ. ನೀಲಿ ನೀರು ಯಾಕೆ? ತೋಳು ಇದೆಯಲ್ಲ, ಒತ್ತಿಸಿಕೊಳ್ಳಲಿ. ಮೆಂತ್ಯ ಇದೆಯಲ್ಲ, ನೆನೆಹಾಕಿ ಕುಡಿಸು. ಮಾಡಿದ್ದುಣ್ಣೋ ಮಹರಾಯ.

ಶರೀಫುನ್ನೀಸಾ, ರಹಿಮಾಳ ಅಕ್ಕ


ಕುಣಿಗಲ್
16 ಜನವರಿ 1981

ಶರೀಫಾ,

ನಿನ್ನ ಕಾರ್ಡನ್ನು ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿಕೊಂಡು ಕೊಟ್ಟ. ಓದಿದ್ದ. ಬೀದಿಯೂ ಓದಿತು. ಬೈದುಕೋ, ಇನ್ನೊಂದು ಬೇಕಾದರೂ ಬರಿ. ಆದರೆ ಇದನ್ನು ಪೂರ್ತಿ ಓದು.

ಡಿಸೆಂಬರಿನಲ್ಲಿ ಇವರು ಹುತ್ರಿದುರ್ಗದ ಬೆಟ್ಟ ಹತ್ತಿ ಬಂದರು. ಮೈಯಲ್ಲಿ ಶಕ್ತಿಯಿದೆಯೆಂದು ಜನರಿಗೆ ತೋರಿಸಬೇಕಿತ್ತು. ಎಡಗಾಲಿನ ಬೆರಳಿಗೆ ಮುಳ್ಳು ಚುಚ್ಚಿತು. ಇವರಿಗೆ ಗೊತ್ತೇ ಆಗಲಿಲ್ಲ, ನಾನೇ ರಾತ್ರಿ ಕಾಲು ತೊಳೆಯುವಾಗ ನೋಡಿದೆ. ಈಗ ಎರಡು ಬೆರಳು ಕಪ್ಪಾಗಿವೆ. ವಾಸನೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಂಗಸರು ಹೊಸಲಲ್ಲೇ ನಿಂತು ಹೊರಟುಹೋದರು.

ಕಾಡಿ ಬೇಡಿ ತುಮಕೂರಿಗೆ ಕರೆದುಕೊಂಡು ಹೋದೆ. ರಕ್ತ ನೋಡಿದ ಡಾಕ್ಟರು ‘ಇವತ್ತಿಂದಲೇ ಇನ್ಸುಲಿನ್ ತಗೊಳ್ಳದಿದ್ರೆ ಮೊದಲು ಕಾಲು ಹೋಗುತ್ತೆ, ಆಮೇಲೆ ಇವರು’ ಅಂದರು. ಸೀಸೆ ತಂದಿದ್ದೇನೆ. ಸಿರಿಂಜನ್ನೂ ತಂದಿದ್ದೇನೆ. ಮಡಕೆಯಲ್ಲಿ ಒದ್ದೆ ಮರಳು ಹಾಕಿ ಇಟ್ಟೆ, ನೀನು ಬರೆದಿದ್ದೆಯಲ್ಲ ಹಾಗೆ. ಇವರು ಹಾಕಿಸಿಕೊಳ್ಳುತ್ತಿಲ್ಲ. ‘ಪರೀಕ್ಷೆ ಮಾಡ್ದೆ ಒಂದು ಹನಿ ನನ್ನ ಮೈಗೆ ಹೋಗಕೂಡ್ದು’ ಅನ್ನುತ್ತಾರೆ. ಅವರ ತೋಳು ಚಾಚಿದರೆ ತಾನಾಗಿಯೇ ನಡುಗುತ್ತದೆ. ಅದಕ್ಕೆ ನನ್ನ ತೋಳು ಬೇಕಂತೆ.

ಸೀಸೆಯನ್ನು ಬನಿಯನ್ನಿನೊಳಗೆ ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು. ನನ್ನ ಎಡಗೈ ಅವರ ಭುಜದ ಮೇಲೆ. ಬಲಗೈ ಚಾಚಿ ನಿಂತೆ. ಅವರು ಒತ್ತಿದರು. ಶರೀಫಾ, ನನ್ನ ತೋಳು ಬಿತ್ತು. ನಾನು ಬೀಳಿಸಲಿಲ್ಲ. ಎಷ್ಟೋ ದಿನದಿಂದ ಇವರು ಬಿಟ್ಟ ತಟ್ಟೆಯ ಮುಂದೆ ನನಗೂ ತುತ್ತು ಇಳಿದಿಲ್ಲ. ‘ನೋಡ್ದಾ, ವಿಷ’ ಅಂದರು. ಅವರ ಮುಖದಲ್ಲಿ ಗೆದ್ದವರ ನಗು ಇತ್ತು. ಅವತ್ತು ಪಾಷಾನ ಮುಂದೆಯೂ ಹೀಗೇ ನಕ್ಕಿದ್ದರೇನೋ.

ನಾನು ಅತ್ತದ್ದಕ್ಕೆ, ‘ಗುರುವಾರ ಒಳ್ಳೇ ದಿನ, ಇನ್ನೊಂದ್ಸಲ ನೋಡಾಣ. ಅದೇ ಕೊನೆ’ ಎಂದಿದ್ದಾರೆ. ನನಗೆ ನಿನ್ನ ಬಿಟ್ಟು ಕೇಳುವವರು ಯಾರೂ ಇಲ್ಲ. ಗುರುವಾರ ನನ್ನ ತೋಳನ್ನು ಏನು ಮಾಡಲಿ? ಏನು ಮಾಡು ಅನ್ನುತ್ತೀಯೋ ಮಾಡುತ್ತೇನೆ. ನೀನು ಬೀಳಿಸು ಎಂದರೆ, ಹಾಗನ್ನಲು ನಿನಗೆ ಹಕ್ಕಿದೆ.

ನರಸಿ


ಗುಬ್ಬಿ
19 ಜನವರಿ 1981

ನರಸಿ,

ನಿನ್ನೆ ಒಂದು ಕಾಗದ ಬರೆದು ಅಂಟು ಹಚ್ಚಿಟ್ಟಿದ್ದೆ. ಅದರಲ್ಲಿ ‘ಬೀಳಿಸು’ ಎಂದು ಒಂದೇ ಮಾತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಪೋಸ್ಟ್ ಡಬ್ಬಿಯ ತನಕ ಹೋದೆ. ಎಷ್ಟು ಹಗುರವಾಗಿತ್ತು ಗೊತ್ತಾ ನನಗೆ? ಹೂವಿನ ಹಾಗೆ ನಡೆದುಕೊಂಡು ಹೋದೆ. ಒಳ್ಳೆಯವಳು ಎಂದುಕೊಳ್ಳಬೇಡ ನನ್ನನ್ನು.

ಡಬ್ಬಿಯ ಮುಂದೆ ನಿಂತು ಯೋಚಿಸಿದೆ. ನಿನ್ನ ಗಂಡ ಸತ್ತರೆ ಏನಾಗುತ್ತದೆ? ಫೋಟೋಗೆ ಹಾರ ಹಾಕುತ್ತೀರಿ. ‘ಎಂಥಾ ಪುಣ್ಯಾತ್ಮ, ಸಾಯೋವಾಗ್ಲೂ ಇಂಗ್ಲಿಷ್ ಔಷಧಿ ಮುಟ್ಟಲಿಲ್ಲ’ ಎಂದು ಜನ ಹೊಗಳುತ್ತಾರೆ. ಅವರ ಹತ್ತಿರ ಕಲಿತವನೊಬ್ಬ ನಾಳೆ ಅದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬಳು ರಹಿಮಾಳ ಗಂಡನ ತೋಳು ಒತ್ತುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನ ಗಂಡ ನನ್ನ ತಂಗಿಯ ಹೆಸರು ಗೊತ್ತಿಲ್ಲದೆ, ತಾನೇ ಸರಿ ಅಂದುಕೊಂಡು, ನಗುತ್ತಾ ಹೋಗುತ್ತಾರೆ. ಅಂಥ ಸುಖದ ಸಾವನ್ನು ನಾನು ಅವರಿಗೆ ಕೊಡುವುದಿಲ್ಲ ಕಣೇ. ಕಾಗದವನ್ನು ಅಲ್ಲೇ ಹರಿದು ಚರಂಡಿಗೆ ಹಾಕಿದೆ.

ಅವರು ಬದುಕಬೇಕು. ದಿನಾ ಬೆಳಗಾದರೆ ಚುಚ್ಚಿಸಿಕೊಂಡು ಬದುಕಬೇಕು. ವಿಷ ಎಂದು ಯಾವುದನ್ನು ನನ್ನ ತಂಗಿಯ ಕೈಯಿಂದ ಕಿತ್ತರೋ ಅದನ್ನೇ ಉಂಡು ಬದುಕಬೇಕು. ಸೂಜಿ ಒಳಗೆ ಹೋದಾಗಲೆಲ್ಲ, ಇದೊಂದು ಇದ್ದಿದ್ದರೆ ಆ ಹುಡುಗಿಯೂ ಹೀಗೇ ಬದುಕಿರುತ್ತಿದ್ದಳು ಎಂದು ಅವರಿಗೆ ತಿಳಿಯಬೇಕು. ಇದು ನನ್ನ ಸೇಡು. ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಇಲ್ಲ.

ಈಗ ಹೇಳಿದ್ದು ಮಾಡು. ಗುರುವಾರ ಬೆಳಿಗ್ಗೆ ಹೊಟ್ಟೆ ತುಂಬ ಉಣ್ಣು. ಅಳುತ್ತಾ ಅಲ್ಲ, ಸುಮ್ಮನೆ ಉಣ್ಣು. ಮುದ್ದೆ, ಹುಳಿ, ಮೇಲೊಂದು ಲೋಟ ಮಜ್ಜಿಗೆ. ನಿಂತಾಗ ಅವರ ಮುಖ ನೋಡಬೇಡ, ಗೋಡೆ ನೋಡು. ಹಾಸ್ಟೆಲಿನಲ್ಲಿ ಹಗ್ಗ ತುಂಡಾದ ದಿನ ಬಾವಿಯ ಬಾಯಿಗೆ ಬಂದಿದ್ದ ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಹಿಡಿದು ನಿಂತಿದ್ದೆ ನೀನು, ವಾರ್ಡನ್ ಓಡಿ ಬರುವ ತನಕ. ಆ ತೋಳು ಎಲ್ಲಿಗೂ ಹೋಗಿಲ್ಲ. ಅವರು ಎಷ್ಟಾದರೂ ಒತ್ತಲಿ, ಹಿಡಿದುಕೋ. ಅದು ನಿನ್ನ ತೋಳು, ಅವರ ಮೈಯಲ್ಲ.

ಗುರುವಾರ ರಜ ಹಾಕಿ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮೊದಲ ಸೂಜಿ ನನ್ನ ಕೈಯಿಂದ. ಆದರೆ ಒಂದು ಷರತ್ತು. ಸೂಜಿಗೆ ಮುಂಚೆ ಅವರು ‘ರಹಿಮಾ’ ಎನ್ನಬೇಕು. ಅವತ್ತು ಮಾತ್ರವಲ್ಲ, ಇರುವ ತನಕ ಪ್ರತಿದಿನ.

ಬರುತ್ತೇನೆ,
ಶರೀಫಾ


ಕುಣಿಗಲ್
4 ಮಾರ್ಚ್ 1981

ಶರೀಫಾ,

ಎರಡು ಬೆರಳು ತೆಗೆದರು. ಕಾಲು ಉಳಿಯಿತು, ಇವರೂ ಉಳಿದರು. ನೆನ್ನೆ ಕೋಲು ಹಿಡಿದು ಹಿತ್ತಲ ತನಕ ನಡೆದರು. ಇರುವೆ ಕಾಣಲಿಲ್ಲ.

ನೀನು ಬರುವ ಮುಂಚೆ ಏನಾಯಿತೆಂದು ಅವತ್ತು ಹೇಳಲು ಆಗಲಿಲ್ಲ. ಎರಡು ಮುದ್ದೆ ಉಂಡೆ. ಮಕ್ಕಳು ನನ್ನನ್ನೇ ನೋಡುತ್ತಿದ್ದವು, ಅಮ್ಮನಿಗೆ ಏನಾಯಿತೋ ಎಂದು. ತೋಳು ಚಾಚಿದೆ. ಇವರು ಒತ್ತಿದರು, ಬೀಳಲಿಲ್ಲ. ಅಂಗೈ ಹಾಕಿ ಒತ್ತಿದರು. ಆಮೇಲೆ ಎರಡು ಕೈ ಹಾಕಿ ಜೋತುಬಿದ್ದರು. ನನ್ನ ರಟ್ಟೆ ಕಿತ್ತುಹೋಗುತ್ತದೇನೋ ಅನ್ನಿಸಿತು. ಗೋಡೆಯ ಮೇಲೆ ಇವರ ಬೊಂಬಾಯಿ ಸರ್ಟಿಫಿಕೇಟಿನ ಫ್ರೇಮು ಇತ್ತಲ್ಲ, ಅದನ್ನೇ ನೋಡುತ್ತಾ ನಿಂತೆ.

‘ಲೇ, ನೀನು ಬೇಕಂತ ಹಿಡ್ಕೊಂಡಿದೀಯ’ ಅಂದರು.

‘ಹೂಂ, ಹಿಡ್ಕೊಂಡಿದೀನಿ. ಅವತ್ತು ಪಾಷಾ ಹೊಟ್ಟೆ ಹಸ್ಕೊಂಡಿದ್ದ, ಅವ್ನ ಕೈ ಬಿತ್ತು. ಮೊನ್ನೆ ನಾನು ಹಸ್ಕೊಂಡಿದ್ದೆ, ನನ್ನ ಕೈ ಬಿತ್ತು. ಇವತ್ತು ಉಂಡಿದೀನಿ, ನಿಂತೈತೆ. ಇದ್ರಲ್ಲಿ ನಿಮ್ಮ ಮೈ ಎಲ್ಲೈತೆ, ತೋರ್ಸಿ?’ ಅಂದೆ. ಮದುವೆಯಾದಾಗಿನಿಂದ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಇವರು ಬನಿಯನ್ನಿನಿಂದ ಸೀಸೆ ತೆಗೆದು ಮಂಚದ ಮೇಲಿಟ್ಟರು. ಆಮೇಲೆ ನನ್ನನ್ನು ಕೇಳಿದರು: ‘ಆ ಹುಡ್ಗಿಗೆ ಎಷ್ಟು ವಯಸ್ಸಾಗಿತ್ತು?’

ಅಷ್ಟರಲ್ಲಿ ನೀನು ಬಂದೆ. ನೀನು ಕೂಗಾಡುತ್ತೀಯೆಂದು ಹೆದರಿದ್ದೆ. ಸಿರಿಂಜು ಕುದಿಸಿ, ಔಷಧಿ ತುಂಬಿ, ‘ನನಗೇನೂ ಅವಸರ ಇಲ್ಲ ಮೇಷ್ಟ್ರೇ’ ಎಂದು ಸ್ಟೂಲಿನ ಮೇಲೆ ಕೂತೆಯಲ್ಲ, ಅದಕ್ಕಿಂತ ಕೂಗಾಡಿದ್ದರೇ ವಾಸಿಯಿತ್ತು. ಬಾಯಿ ತೆಗೆಯುತ್ತಿದ್ದರು, ಮುಚ್ಚುತ್ತಿದ್ದರು. ಒಂದು ಹೆಸರು ಅಷ್ಟು ಭಾರವಿರುತ್ತದೆಯೆಂದು ನನಗೆ ಗೊತ್ತಿರಲಿಲ್ಲ. ಹೇಳಿದರು. ನೀನು ಸೂಜಿ ಹಾಕಿ ಎದ್ದೆ. ಬಚ್ಚಲುಮನೆಗೆ ಹೋಗಿ ನೀನು ಅತ್ತದ್ದು ನನಗೆ ಕೇಳಿಸಿತು.

ಈಗ ನಾನೇ ಹಾಕುತ್ತೇನೆ. ದಿನಾ ಹೇಳುತ್ತಾರೆ. ಹೇಳದೆ ಪಂಚೆ ಸರಿಸಲು ನಾನು ಬಿಡುವುದಿಲ್ಲ.

ನಿನ್ನ
ನರಸಿ


ಕುಣಿಗಲ್
22 ಆಗಸ್ಟ್ 1982

ಶರೀಫಾ,

ಇದನ್ನು ಬರೆಯಲು ನಾಚಿಕೆ. ಆದರೂ ನಿನಗೆ ಮುಚ್ಚಿಡಲಾರೆ.

ಇವರು ತೋಳು ಒತ್ತುವುದನ್ನು ಬಿಟ್ಟರೂ ಜನ ಬರುವುದನ್ನು ಬಿಡಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ನಾನು ಸೂಜಿ ಹಾಕುವಾಗ ಇವರು ‘ರಹಿಮಾ’ ಅನ್ನುವುದನ್ನು ಅವರೂ ಕೇಳುತ್ತಾರೆ. ಹುತ್ರಿದುರ್ಗದ ಕದರಯ್ಯನಿಗೂ ಈಗ ಸಕ್ಕರೆ ಕಾಯಿಲೆ. ಹೋದ ತಿಂಗಳು ಅವನು, ‘ಅದೇನ್ ಮಂತ್ರ ಬುದ್ಧಿ, ನಮ್ಗೂ ಹೇಳ್ಕೊಡಿ’ ಎಂದ. ಇವರು ಇಲ್ಲ, ಅದು ಮಂತ್ರವಲ್ಲ ಅನ್ನಬೇಕಿತ್ತು. ನಾನು ಕಾದೆ. ಇವರು ಕಣ್ಣು ಮುಚ್ಚಿ, ‘ಹೇಳ್ಕೊಳಪ್ಪ, ಸೂಜಿ ನೋಯಲ್ಲ’ ಅಂದರು!

ಈಗ ಕದರಯ್ಯನ ಊರಿನಲ್ಲಿ ಸೂಜಿ ಹಾಕಿಸಿಕೊಳ್ಳುವವರೆಲ್ಲ ‘ರಹಿಮಮ್ಮ’ ಎಂದು ಕೈಮುಗಿಯುತ್ತಾರಂತೆ. ಕದರಮ್ಮ ಸಿರಿಂಜಿನ ಡಬ್ಬಿಗೆ ಅರಿಶಿನ ಕುಂಕುಮ ಇಟ್ಟಿದ್ದಾಳೆ. ಮೊನ್ನೆ ಇಬ್ಬರು ಹಣ್ಣುಕಾಯಿ ತಂದು ಜಗಲಿಯ ಮೇಲೆ ಇಟ್ಟರು. ಇವರು ತೆಗೆದುಕೊಂಡರು ಶರೀಫಾ. ಮತ್ತೆ ಅದೇ ಕುರ್ಚಿ, ಅದೇ ನಗು. ನೀನು ಕೊಟ್ಟ ಶಿಕ್ಷೆಯನ್ನೇ ಅಂಗಡಿ ಮಾಡಿಕೊಂಡು ಕೂತಿದ್ದಾರೆ. ಆ ಹೆಸರು ಹೇಳಿಸುವುದನ್ನು ನಿಲ್ಲಿಸಿಬಿಡಲೇ?

ನರಸಿ


ಗುಬ್ಬಿ
26 ಆಗಸ್ಟ್ 1982

ನರಸಿ,

ನಿಲ್ಲಿಸುವುದು ಬೇಡ. ನನ್ನ ತಪ್ಪು ಇಷ್ಟೇ, ಹೆಸರೊಂದೇ ಸಾಕು ಅಂದುಕೊಂಡೆ. ಹೆಸರನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಅರೆದು ಕುಡಿಯಬಹುದು.

ನನ್ನ ತಂಗಿ ದೇವತೆಯಲ್ಲ. ಅವಳಿಗೆ ಹಣ್ಣುಕಾಯಿ ಬೇಡ. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದು, ‘ಆಪಾ, ಇರುವೆ ತಿಂತು’ ಎಂದು ಸುಳ್ಳು ಹೇಳುತ್ತಿದ್ದ ಹುಡುಗಿ ಅವಳು. ಸೂಜಿ ಅವಳಿಗೆ ನೋಯುತ್ತಿತ್ತು. ದಿನಾ ನೋಯುತ್ತಿತ್ತು. ಆದರೂ ಬದುಕಿದ್ದಳು. ನೋಯುವುದಿಲ್ಲವೆಂದು ಅವಳ ಹೆಸರಿನಲ್ಲಿ ಹೇಳಿದರೆ ನಾನು ನಿಮ್ಮ ಜಗಲಿಯನ್ನು ಬೀದಿಗೆ ಎಳೆಯುತ್ತೇನೆ, ಹೇಳಿಬಿಡು.

ಇನ್ನು ಮೇಲೆ ನಿನ್ನ ಗಂಡ ಹೆಸರು ಹೇಳಿದ ಮೇಲೆ ಜಗಲಿಯಲ್ಲಿ ಕೂತವರೆಲ್ಲ ಕೇಳುವ ಹಾಗೆ ಇಷ್ಟನ್ನೂ ಹೇಳಬೇಕು: ರಹಿಮಾ ಎಂಬ ಹುಡುಗಿಗೆ ಸೂಜಿ ಬೇಡ ಅಂದವನು ನಾನು. ಅವಳ ಗಂಡನ ತೋಳು ಹಸಿವಿನಿಂದ ಬಿದ್ದಿತ್ತು, ನಾನು ಕೇಳಲಿಲ್ಲ. ಅವಳು ಸತ್ತಳು. ನೀವು ಯಾರ ಮಾತಿಗೂ ಸೂಜಿ ಬಿಡಬೇಡಿ, ನನ್ನ ಮಾತಿಗೂ.

ಕದರಯ್ಯ ಕೇಳಲಿ, ಕದರಮ್ಮ ಕೇಳಲಿ. ಎದ್ದುಹೋಗುವವರು ಹೋಗಲಿ. ಉಳಿದವರು ಸೂಜಿ ಹಾಕಿಸಿಕೊಳ್ಳಲಿ. ನಾಚಿಕೆಯಾಗುತ್ತದೆ ಎಂದರೆ, ಆಗಲಿ ಅನ್ನು. ಒಂದು ದಿನ ಹೇಳಿ ಮುಗಿಸುತ್ತೇನೆ ಎಂದರೆ, ನಾಳೆಯೂ ಬೆಳಗಾಗುತ್ತದೆ ಅನ್ನು. ಈ ಭಾನುವಾರ ಪಾಷಾನನ್ನೂ ಕರೆದುಕೊಂಡು ಬರುತ್ತೇನೆ, ಇಬ್ಬರೂ ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಅವನಿಗೆ ಊಟ ಹಾಕಿಸಿಕೊಂಡೇ ಬರುತ್ತೇನೆ.

ನಾನಿಲ್ಲದ ದಿನಗಳಲ್ಲಿ ಅವರು ಒಂದು ಮಾತು ನುಂಗಿದರೂ ನೀನು ಸಿರಿಂಜು ಹಿಡಿದುಕೊಂಡು ಸುಮ್ಮನೆ ನಿಂತಿರು, ಹೇಳುವ ತನಕ. ನಿನ್ನ ತೋಳು ಬೀಳುವುದಿಲ್ಲ. ನನಗೆ ಗೊತ್ತು.

ನಿನ್ನ
ಶರೀಫಾ